ಹೃದಯದ ಗಳಿಗೆ ಹಿಡಿಯುವ ಯಂತ್ರ ಮತ್ತು ಮೂರು ಊರಿನ ಜನ

ಇದು ನಡೆದದ್ದು ಕಳೆದ ತೊಗರಿ ರಾಶಿಯ ಹಂಗಾಮಿನ ಮೂರು ತಿಂಗಳಲ್ಲಿ.

ಮೂವತ್ತೆಂಟು ವರ್ಷ ನಾನು ಹೃದಯದ ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದೆ. ಮನುಷ್ಯರನ್ನು ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಬಳಿದು, ಅಲುಗಾಡಬೇಡಿ ಎಂದು ಹೇಳುವ ಕೋಣೆಯಲ್ಲಿ ನಗುವಂಥದ್ದು ಏನೂ ನಡೆಯಬಾರದು. ಆದರೂ ನಡೆಯುತ್ತಿತ್ತು. ನಿವೃತ್ತಿಯ ಬಳಿಕವಾದರೂ ನಿಂತೀತು ಎಂದುಕೊಂಡಿದ್ದೆ, ನಿಲ್ಲಲಿಲ್ಲ.

ಮೊದಲು ಕೆಲಸವನ್ನು ವಿವರಿಸಬೇಕು. ಸ್ಕ್ಯಾನಿನ ಪರದೆಯಲ್ಲಿ ಹೃದಯ ಚಲಿಸುವ ಚಿತ್ರವಾಗಿ ಕಾಣುತ್ತದೆ. ಒಂದು ಬಡಿತದಲ್ಲಿ ಹಲವು ಚಿತ್ರಗಳು ಒಂದರ ಹಿಂದೆ ಒಂದು ಸರಿದುಹೋಗುತ್ತವೆ. ಅವುಗಳಲ್ಲಿ ಎರಡನ್ನು ಹಿಡಿದು ನಿಲ್ಲಿಸಬೇಕು. ಹೃದಯ ರಕ್ತದಿಂದ ಪೂರ್ತಿ ತುಂಬಿದ ಗಳಿಗೆ ಒಂದು. ಪೂರ್ತಿ ಹಿಂಡಿಕೊಂಡ ಗಳಿಗೆ ಇನ್ನೊಂದು. ಈ ಎರಡನ್ನೂ ಅಳೆದರೆ ಹೃದಯದ ಬಲ ಗೊತ್ತಾಗುತ್ತದೆ. ಗಳಿಗೆ ತಪ್ಪಿದರೆ ಅಳತೆಯೂ ತಪ್ಪುತ್ತದೆ. ಅಷ್ಟು ವರ್ಷ ನಾನು ಅದನ್ನು ಕಣ್ಣಿನಿಂದ ನೋಡಿ, ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದೆ.

ಈಗ ಅದನ್ನು ಹಿಡಿಯುವ ಗಣಕ ಬಂದಿದೆ. ಡೀಪ್ ಲರ್ನಿಂಗ್ ಎನ್ನುತ್ತಾರೆ. ಸಾವಿರಾರು ಹೃದಯಗಳ ಚಿತ್ರಗಳನ್ನೂ, ಅವುಗಳ ಮೇಲೆ ನಮ್ಮಂಥವರು ಗುರುತಿಸಿಟ್ಟ ಗಳಿಗೆಗಳನ್ನೂ ನೋಡಿ ನೋಡಿ ಅದು ಕಲಿತಿದೆಯಂತೆ. ಎಂದರೆ, ನಮ್ಮ ಉತ್ತರಪತ್ರಿಕೆ ನೋಡಿ ಬರೆಯುವ ವಿದ್ಯಾರ್ಥಿ. ನಾನು ಓದಿದ ಕಾನ್ವೆಂಟಿನಲ್ಲಿ ಅಂಥವರನ್ನು ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಈಗ ಅವರಿಗೆ ಹವಾನಿಯಂತ್ರಿತ ಗಾಡಿ ಕೊಡುತ್ತಾರೆ.

ಹೈದರಾಬಾದಿನ ಒಂದು ಧರ್ಮಾರ್ಥ ಸಂಸ್ಥೆಯ ಗಾಡಿ ಅದು. ಸೋಮವಾರ ಜಹೀರಾಬಾದ್, ಬುಧವಾರ ನಾರಾಯಣಖೇಡ್, ಶುಕ್ರವಾರ ತಾಂಡೂರು. ಮೂರು ತಿಂಗಳು ಯಂತ್ರದ ಪರೀಕ್ಷೆ; ತೀರ್ಪುಗಾರ್ತಿಯಾಗಿ ನನ್ನನ್ನು ಕರೆದಿದ್ದರು. ಐವತ್ತು ದಾಟಿದವರನ್ನು ನಿಗದಿತ ಸಂಖ್ಯೆಯಲ್ಲಿ ಸ್ಕ್ಯಾನ್ ಮಾಡಬೇಕು. ಪ್ರತಿ ಸ್ಕ್ಯಾನಿನಲ್ಲಿ ಯಂತ್ರ ತನ್ನ ಗಳಿಗೆಯನ್ನು ಹಿಡಿಯುತ್ತದೆ. ಅದನ್ನು ನೋಡದೆ ನಾನು ನನ್ನದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಬೇಕು. ಎರಡೂ ಕೂಡಿದರೆ ಸರಿ. ಹತ್ತಕ್ಕಿಂತ ಹೆಚ್ಚು ಸಲ ಕೂಡದಿದ್ದರೆ ಗಾಡಿ ಪಟ್ಟಣಕ್ಕೆ ವಾಪಸು. ಈ ಮೂರು ಊರಿನವರು ಎದೆಯ ಸ್ಕ್ಯಾನಿಗೆ ಮೊದಲಿನಂತೆ ಹೈದರಾಬಾದಿನ ಬಸ್ಸು ಹತ್ತಬೇಕು.

ಗಾಡಿಯಲ್ಲಿ ನಾವು ಮೂವರು. ನಾನು, ಚಾಲಕ, ಮತ್ತು ಟೆಕ್ನಿಷಿಯನ್. ಈಕೆ ತಾಂಡೂರಿನ ಹತ್ತಿರದ ಯಾಲಾಲಿನ ಹೆಣ್ಣುಮಗಳು. ಆರು ವರ್ಷ ಹೈದರಾಬಾದಿನ ಹಾಸ್ಟೆಲಿನಲ್ಲಿದ್ದು ಕೆಲಸ ಮಾಡಿದವಳು. ಗಂಡ ತಾಂಡೂರಿನ ಕಲ್ಲು ಪಾಲಿಶಿನ ಕಾರ್ಖಾನೆಯಲ್ಲಿ, ಮಗಳು ಅತ್ತೆಯ ಹತ್ತಿರ. ಈ ಗಾಡಿ ಇಲ್ಲೇ ನಿಂತು ಉಳಿದರೆ ಅವಳು ಮನೆಯಲ್ಲೇ ಇದ್ದು ಕೆಲಸಕ್ಕೆ ಬರಬಹುದು. ಗಾಡಿ ಹೋದರೆ ಅವಳೂ ಹೋಗಬೇಕು. ಮೊದಲನೆಯ ದಿನವೇ ಅವಳು ನನಗೆ ಇದನ್ನೆಲ್ಲ ಹೇಳಿದಳು. ನಾನು ತೀರ್ಪುಗಾರ್ತಿ, ಗಾಡಿ ನಿಂತರೂ ಹೋದರೂ ನನಗೆ ಒಂದೇ ಎಂದು ಉತ್ತರಿಸಿದೆ. ಸಂಸ್ಥೆಗೂ ಹಾಗೆಂದೇ ಬರೆದುಕೊಟ್ಟಿದ್ದೆ.

ಮಾತಿಗೆ ಮರುಮಾತು

ಸ್ಕ್ಯಾನ್ ಮಾಡುವಾಗ ರೋಗಿ ಒಂದಷ್ಟು ಹೊತ್ತು ಉಸಿರು ಹಿಡಿಯಬೇಕು. ಅದನ್ನು ಹೇಳಲು ಯಂತ್ರದೊಳಗೆ ಮುದ್ರಿಸಿಟ್ಟ ಹೆಣ್ಣು ಧ್ವನಿಯೊಂದಿತ್ತು. ತೆಲುಗು, ಉರ್ದು, ಕನ್ನಡ ಮೂರರಲ್ಲೂ ಹೇಳುತ್ತಿತ್ತು. ಬಹಳ ಸಂಭಾವಿತ ಧ್ವನಿ. ತೊಂದರೆಯೆಲ್ಲ ಅದರಿಂದಲೇ ಆಯಿತು.

ಜಹೀರಾಬಾದಿನಲ್ಲಿ ಮೊದಲಿಗೆ ಮಲಗಿದವರು ಕಬ್ಬು ಬೆಳೆಯುವ ಹಿರಿಯರೊಬ್ಬರು. ತಲೆಯ ಪಟಗವನ್ನು ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದರು. ಧ್ವನಿ ಹೇಳಿತು: "ದಯವಿಟ್ಟು ಉಸಿರನ್ನು ಹಿಡಿದುಕೊಳ್ಳಿ."

"ಹಿಡದೀನ್ರಿ ಅವ್ವಾ," ಎಂದರು ಅವರು.

ಹೇಳುವಾಗ ಹಿಡಿದ ಉಸಿರೆಲ್ಲ ಹೊರಗೆ ಬಂತು. ಹೃದಯ ಪರದೆಯಿಂದ ಜಾರಿತು. ಯಂತ್ರ ಗಳಿಗೆ ಹಿಡಿಯಲಾರದೆ ಮತ್ತೆ ಕೇಳಿತು. "ದಯವಿಟ್ಟು ಉಸಿರನ್ನು ಹಿಡಿದುಕೊಳ್ಳಿ."

"ಈಗ ಹಿಡದೀನ್ರಿ. ನೀವು ನಿಮ್ಮ ಕೆಲಸಾ ಮಾಡ್ರಿ."

ನಾನು ಉತ್ತರ ಕೊಡಬೇಡಿ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಮನೆತನದ ಬಗ್ಗೆ ಸಂಶಯವಿತ್ತು. "ಹೆಣ್ಣುಮಗಳು ಅಷ್ಟು ಮರ್ಯಾದಿಲೆ ಕೇಳ್ಲಕತ್ತಾಳ್ರಿ. ಹೂಂ ಅನ್ನದೆ ಸುಮ್ಮ ಇರಾಕ ನಾ ಏನು ಎಮ್ಮಿ ಏನ್ರಿ?"

ಮೂರು ಸಲ ಹೀಗಾಯಿತು. ಧ್ವನಿಯನ್ನು ಆರಿಸುವ ಗುಂಡಿ ಎಲ್ಲಿದೆ ಎಂದು ಟೆಕ್ನಿಷಿಯನ್ ಹುಡುಕತೊಡಗಿದಳು; ಸಿಗಲಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ದಾರಿ ಹುಡುಕಿದರು. "ನೀವು ಸುಮ್ಮನಿರ್ರಿ, ನಿಮ್ಮ ಬದಲಿ ನಾ ಅಂತೀನಿ" ಎಂದು ಮಂಚದ ಹತ್ತಿರ ಬಂದು ನಿಂತರು.

"ದಯವಿಟ್ಟು ಉಸಿರನ್ನು ಹಿಡಿದುಕೊಳ್ಳಿ."

"ಹಿಡದಾರ್ರಿ ಅವ್ವಾ, ನೀವು ನೋಡ್ರಿ," ಎಂದರು ಹೆಂಡತಿ.

ಹೃದಯ ಅಲುಗದೆ ನಿಂತಿತು. ಯಂತ್ರ ತನ್ನ ಗಳಿಗೆಯನ್ನು ಹಿಡಿಯಿತು, ನಾನು ನನ್ನದನ್ನು. ಎರಡೂ ಕೂಡಿದವು ಎಂದು ಆಮೇಲೆ ತಿಳಿಯಿತು. "ಧನ್ಯವಾದ. ಈಗ ಉಸಿರಾಡಬಹುದು," ಎಂದಿತು ಧ್ವನಿ.

"ಏ, ಗಡಿಬಿಡಿ ಬ್ಯಾಡ್ರಿ ಅವ್ವಾ," ಎಂದರು ಹೆಂಡತಿ. "ಲಗ್ನ ಆಗಿ ಮೂವತ್ತೆರಡು ವರ್ಷಕ್ಕ ಇವತ್ತ ಬಾಯಿ ಮುಚ್ಚ್ಯಾರ. ಇನ್ನೊಂದೀಟು ಹಿಡಿಸ್ರಿ."

ದಿಕ್ಕು

ಒಂದು ಸೋಮವಾರ ಗಾಡಿ ಜಹೀರಾಬಾದಿನ ಬದಲು ಪಕ್ಕದ ಕೊಹೀರಿಗೆ ಹೋಯಿತು. ಚಾಲಕ ಸಂತೆಯ ಬಯಲಿನಲ್ಲಿ ನೆರಳು ನೋಡಿ ನಿಲ್ಲಿಸಿದ. ಮೊದಲ ಸರದಿ ಪೇರಲ ಹಣ್ಣು ಮಾರುವ ಮುದುಕಿಯದು. ಒಳಗೆ ಬಂದು ಮಂಚ ನೋಡಿದಳು, ಬಾಗಿಲಿನಿಂದ ಸೂರ್ಯನನ್ನು ನೋಡಿದಳು, ಮತ್ತೆ ಮಂಚ ನೋಡಿದಳು.

"ಉತ್ತರಕ್ಕ ತಲಿ ಇಡಾದು ಹೆಣಕ್ಕರಿ," ಎಂದಳು. "ನಾ ಇನ್ನ ಜೀವಂತ ಇದೀನಿ."

ಮಂಚ ಗಾಡಿಯ ನೆಲಕ್ಕೆ ತಿರುಪು ಹಾಕಿ ಬಿಗಿದದ್ದು, ತಿರುಗಿಸಲು ಬಾರದು. ಆದ್ದರಿಂದ ಚಾಲಕ ಗಾಡಿಯನ್ನೇ ತಿರುಗಿಸಿದ. ಎಂಜಿನ್ ಚಾಲೂ ಮಾಡಿದಾಗಲೆಲ್ಲ ಯಂತ್ರ ಆರುತ್ತಿತ್ತು. ಮತ್ತೆ ಏಳಲು ಹತ್ತು ನಿಮಿಷ ಬೇಕು. ತಲೆ ಪೂರ್ವಕ್ಕೆ ಬಂತು. ಮುದುಕಿ ಸಂತೋಷದಿಂದ ಮಲಗಿದಳು. ಎದೆ ಗಟ್ಟಿಯಾಗಿತ್ತು.

ಎರಡನೆಯವರು ಹೊಲಿಗೆಯ ಕೆಲಸ ಬಿಟ್ಟು ಮನೆಯಲ್ಲಿದ್ದ ಮುಸ್ಲಿಂ ಹಿರಿಯರು. ಅವರೂ ಸೂರ್ಯನನ್ನು ನೋಡಿದರು. "ಮಾಫ್ ಮಾಡ್ರಿ," ಎಂದರು. "ತಲಿ ಪೂರ್ವಕ್ಕಾದ್ರ ಕಾಲು ಪಶ್ಚಿಮಕ್ಕ ಬರ್ತಾವ. ಆ ಕಡಿ ಕಾಬಾ ಅದ. ಕಾಲು ಚಾಚಾಕ ಆಗಂಗಿಲ್ರಿ."

ಚಾಲಕ ಇಳಿದು, ಒಂದು ಕಡ್ಡಿಯಿಂದ ಮಣ್ಣಿನಲ್ಲಿ ನಾಲ್ಕು ದಿಕ್ಕುಗಳನ್ನು ಬರೆದು ಯೋಚಿಸಿದ. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಮಾಡಿದರೆ ಯಾರ ತಕರಾರೂ ಇರಲಾರದು ಎಂದು ಕಂಡುಹಿಡಿದ. ಗಾಡಿ ತಿರುಗಿತು. ಯಂತ್ರ ಆರಿತು, ಎದ್ದಿತು. ಹಿರಿಯರು ದುವಾ ಕೊಟ್ಟು ಹೋದರು. ಗಳಿಗೆ ಹಿಡಿಯುವ ಸಮಯವನ್ನು ಉಳಿಸಲೆಂದು ತಂದ ಯಂತ್ರ ಇಬ್ಬರಿಗೆ ಒಂದು ಗಂಟೆ ತೆಗೆದುಕೊಂಡಿತ್ತು. ಆದರೂ ಚಾಲಕನಿಗೆ ತೃಪ್ತಿಯಾಗಿತ್ತು. "ಇನ್ನ ಸಂಜಿ ತನಕ ಅಲುಗಾಡಸಂಗಿಲ್ರಿ ಮೇಡಂ. ಎಲ್ಲಾ ಜಾತಿಗೂ ಹೊಂದೂದು ಇದೊಂದೇ," ಎಂದ.

ಮೂರನೆಯವರು ತಹಸೀಲು ಕಚೇರಿಯ ನಿವೃತ್ತ ಗುಮಾಸ್ತರು, ಬೌದ್ಧರು. ಚಾಲಕ ಮುಂಜಾಗ್ರತೆಯಾಗಿ ಅವರನ್ನು ಬಾಗಿಲಲ್ಲೇ ತಡೆದು ಕೇಳಿದ: "ಸರ್, ನಿಮ್ಮದ್ಯಾವ ದಿಕ್ಕು?"

"ನಮ್ಮದೇನಿಲ್ಲಪ್ಪ," ಎಂದರು ಅವರು. "ನಾವು ದಿಕ್ಕು ಗಿಕ್ಕು ನಂಬಂಗಿಲ್ಲ. ಡಾಕ್ಟರು ಎಲ್ಲಿ ಕೂತು ನೋಡ್ತಾರ?"

"ಡಾಕ್ಟರು ಹೈದರಾಬಾದಿನಾಗ ಕೂತು ಕಂಪ್ಯೂಟರಿನಾಗ ನೋಡ್ತಾರ್ರಿ."

"ಹಂಗಾದ್ರ ಪೂರ್ವಕ್ಕ ತಿರುಗಸು. ಅವರಿಗಿ ಸಮೀಪ ಆಗ್ತದ."

ಅವರು ತಮಾಷೆ ಮಾಡಿದ್ದರು. ಮುಖದಲ್ಲಿ ಅದು ಕಾಣುವಷ್ಟರಲ್ಲಿ ಚಾಲಕ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಬೇವಿನ ಮರದ ಕೆಳಗೆ ಹೋಗಿ ಮಲಗಿಬಿಟ್ಟಿದ್ದ. ತಲೆ ಯಾವ ದಿಕ್ಕಿಗಿತ್ತು ಎಂದು ನೋಡಿದೆ. ಉತ್ತರಕ್ಕೇ ಇತ್ತು.

ಕಡಿಮೆಗೆ ಬಿಡುವುದಿಲ್ಲ

ನಾರಾಯಣಖೇಡಿನಲ್ಲಿ ಗಾಡಿ ನಿಲ್ಲುತ್ತಿದ್ದುದು ಬೇಳೆಕಾಳಿನ ಮಾರುಕಟ್ಟೆಯ ಪಕ್ಕ. ಅಲ್ಲಿಯ ವ್ಯಾಪಾರಿಗಳು ಇಂದಿಗೂ ಕೆಲವು ಸಲ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಭುಜದ ಟವಲನ್ನು ಕೈಮೇಲೆ ಹಾಕಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ.

ಅಂಥ ವ್ಯಾಪಾರಿಯೊಬ್ಬರ ಸ್ಕ್ಯಾನ್ ಮುಗಿಯಿತು. ಎದ್ದು ಕುಳಿತು ಅಂಗಿಯ ಗುಂಡಿ ಹಾಕುತ್ತ ಕೇಳಿದರು: "ನಂದೆಷ್ಟು ಬಂತ್ರಿ?"

ಹೃದಯ ಒಂದು ಸಲಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡ ಎಷ್ಟನ್ನು ಹೊರದೂಡುತ್ತದೆ ಎಂಬ ಅಂಕಿ ಅದು. ಅವರದು ಐವತ್ತೆಂಟು. ನಾನು ಹೇಳಿದೆ.

"ಅದು ನಿಮ್ಮದು. ಮಷೀನಿಂದು ಎಷ್ಟು?"

"ಅದನ್ನು ನಾನೂ ನೋಡುವಂತಿಲ್ಲ. ಪರೀಕ್ಷೆ ನಡೆಯುತ್ತಿದೆ. ಯಂತ್ರದ್ದು ಟೆಕ್ನಿಷಿಯನ್‌ಗೆ ಮಾತ್ರ ಗೊತ್ತು."

ಅವರು ಅರ್ಥಮಾಡಿಕೊಂಡವರಂತೆ ತಲೆದೂಗಿದರು. ಬಳಿಕ ಟವಲನ್ನು ಬಲಗೈ ಮೇಲೆ ಹಾಕಿ ಟೆಕ್ನಿಷಿಯನ್ ಕಡೆಗೆ ಚಾಚಿದರು. "ಬಾಯಿಲೆ ಹೇಳಬ್ಯಾಡ ತಂಗಿ. ಬೆರಳು ಹಿಡಿ, ಸಾಕು."

ಅವಳೂ ತೊಗರಿ ಬೆಳೆಯುವವರ ಮನೆಯ ಮಗಳು. ಕೈ ತಾನಾಗಿಯೇ ಅರ್ಧ ದೂರ ಹೋಯಿತು. ನಾನು ನೋಡಿದೆ. ಹಿಂದಕ್ಕೆ ಬಂತು.

"ಐವತ್ತೆಂಟಕ್ಕ ಬಿಡಂಗಿಲ್ರಿ ಮೇಡಂ," ಎಂದರು ವ್ಯಾಪಾರಿ. "ನೀವು ಮ್ಯಾಲಿಂದಷ್ಟೇ ನೋಡೀರಿ. ನಾವು ಚೀಲದ ಮ್ಯಾಲಿಂದು, ನಡಬರಕಿಂದು, ತಳದ್ದು, ಮೂರೂ ತಗದು ನೋಡಿ ಹೇಳ್ತೀವಿ."

"ಐವತ್ತೈದರ ಮೇಲಿದ್ದರೆ ಹೃದಯ ಚೆನ್ನಾಗಿದೆ ಎಂದೇ ಅರ್ಥ. ನಿಮ್ಮದು ಚೆನ್ನಾಗಿದೆ."

"ಚಲೋ ಮಾಲಿಗಿ ಚಲೋ ಅಂಕಿ ಬರಬೇಕಲ್ರಿ. ಅರವತ್ತು ಮಾಡ್ರಿ, ಇಬ್ಬರಿಗೂ ಬ್ಯಾಸರ ಇಲ್ಲ."

ಇಲ್ಲಿ ಚೌಕಾಸಿ ಇಲ್ಲ ಎಂದು ನಾನು ಐವತ್ತೆಂಟರ ಕೆಳಗೆ ರುಜು ಹಾಕಿದೆ. ಅವರು ವರದಿಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಬೆಳಿಗ್ಗೆಯೇ ಬಂದುಹೋಗಿದ್ದ ಇನ್ನೊಬ್ಬ ವ್ಯಾಪಾರಿ ಮಧ್ಯಾಹ್ನ ತಮ್ಮ ವರದಿಯನ್ನು ಹಿಡಿದು ಮತ್ತೆ ಬಂದರು. ಅವರದು ಐವತ್ತೇಳು.

"ಮೇಡಂ, ಆ ಮನಷ್ಯಾಗ ಐವತ್ತೆಂಟು ಕೊಟ್ಟೀರಂತ. ನನಗ ಯಾಕ ಒಂದು ಕಡಿಮಿ?"

ಒಬ್ಬೊಬ್ಬರ ಹೃದಯ ಒಂದೊಂದು ರೀತಿ ಎಂದು ನಾನು ವಿವರಿಸಿದೆ.

"ಅದು ಹೆಂಗ್ರಿ?" ಎಂದರು. "ಅಂವ ನನ್ನ ಬೆನ್ನಿಗಿ ಬಿದ್ದ ತಮ್ಮ. ಎರಡೂ ಒಂದೇ ಹೊಲದ ಮಾಲು."

ಕೆಮ್ಮು

ಎರಡನೆಯ ತಿಂಗಳ ಕೊನೆಯ ಹೊತ್ತಿಗೆ ಆರು ಸ್ಕ್ಯಾನುಗಳು ಕೂಡಿರಲಿಲ್ಲ. ಹತ್ತರ ಮಿತಿಯಲ್ಲಿ ನಾಲ್ಕು ಉಳಿದಿದ್ದವು. ಲಕೋಟೆಗಳನ್ನು ತೆರೆದು ತಾಳೆ ನೋಡುತ್ತಿದ್ದವರು ಹೈದರಾಬಾದಿನ ಡಾಕ್ಟರು. ಅವರು ಫೋನಿನಲ್ಲಿ ಲೆಕ್ಕ ಹೇಳಿದ ದಿನ ಟೆಕ್ನಿಷಿಯನ್ ಊಟದ ಡಬ್ಬಿ ತೆರೆಯಲಿಲ್ಲ.

ಮುಂದಿನ ಊರಿನ ಸರದಿಯಿಂದ ಅವಳಿಗೆ ಕೆಮ್ಮು ಬಂತು.

ವಿಚಿತ್ರ ಕೆಮ್ಮು. ನಾನು ಚೀಟಿಯಲ್ಲಿ ಬರೆಯಲು ಪೆನ್ನು ಎತ್ತಿದಾಗ ಮಾತ್ರ ಬರುತ್ತಿತ್ತು. ಮೊದಲ ರೋಗಿಗೆ ಹನ್ನೊಂದು ಸಲ ಕೆಮ್ಮಿದಳು. ಎರಡನೆಯವರಿಗೆ ಒಂಬತ್ತು. ಮೂರನೆಯವರಿಗೆ ಹದಿಮೂರು, ಹನ್ನೆರಡರ ಬಳಿಕ ಒಂದು ಕ್ಷಣ ನಿಂತು, ಸಂದೇಹ ಪರಿಹರಿಸಿಕೊಂಡು, ಇನ್ನೊಂದು ಕೆಮ್ಮಿದಳು. ಹೃದಯ ತುಂಬಿದ ಗಳಿಗೆಯ ಚಿತ್ರ ಎಷ್ಟನೆಯದು ಎಂಬುದನ್ನೇ ನಾವು ಚೀಟಿಯಲ್ಲಿ ಬರೆಯುತ್ತಿದ್ದುದು.

ರೋಗಿಯಾಗಿ ಮಲಗಿದ್ದ ಹೆಂಗಸು ಎದ್ದು ಕುಳಿತು, "ಏ ತಂಗಿ, ನೀನೇ ಮಕ್ಕೋ ಬಾ, ನಿನಗೇ ಬ್ಯಾನಿ ಜಾಸ್ತಿ ಅದ," ಎಂದಳು.

ನಾನು ಕಂಡದ್ದನ್ನೇ ಬರೆದೆ. ಕೆಮ್ಮಿನ ಲೆಕ್ಕ ನೋಡಿ ಬರೆಯಲಿಲ್ಲ. ಕೆಲವು ಕೂಡಿದವು, ಕೆಲವು ಇಲ್ಲ. ಅದು ಇಲ್ಲಿ ಮುಖ್ಯವಲ್ಲ. ಅವಳ ಮೇಲೆ ದೂರು ಬರೆಯಲು ನಿಯಮದಲ್ಲಿ ಅವಕಾಶವಿತ್ತು. ಬರೆಯಲಿಲ್ಲ. ಕೆಮ್ಮು ಕಾಯಿಲೆ, ಕಾಯಿಲೆಗೆ ಔಷಧ ಕೊಡಬೇಕು. ಮುಂದಿನ ಸಲ ಮನೆಯಿಂದ ಮೆಣಸು, ಶುಂಠಿ, ಬೇವಿನ ತೊಗಟೆ ಕುದಿಸಿದ ಕಷಾಯವನ್ನು ಫ್ಲಾಸ್ಕಿನಲ್ಲಿ ತಂದೆ. ಒಂದು ಕೆಮ್ಮಿಗೆ ಒಂದು ಗುಟುಕು ಎಂದು ಹೇಳಿದೆ.

ಅವಳು ನಾಲ್ಕು ಗುಟುಕಿನವರೆಗೆ ತಾಳಿದಳು. ಆ ರೋಗಿಯದು ಹತ್ತು ಇತ್ತೆಂದು ಕಾಣುತ್ತದೆ.

ಕೆಮ್ಮು ವಾಸಿಯಾಯಿತು. ಮತ್ತೆ ಬರಲಿಲ್ಲ.

ಐದು ಎದೆ, ಒಂದೇ ತಾಳ

ಆ ಮೇಲಿನ ಶುಕ್ರವಾರ ತಾಂಡೂರಿನಲ್ಲಿ ಗಾಡಿಯನ್ನು ಕಲ್ಲಿನ ಕಾರ್ಖಾನೆಯ ಗೋಡೆಯ ಮಗ್ಗುಲಲ್ಲಿ ನಿಲ್ಲಿಸೋಣ ಎಂದು ಟೆಕ್ನಿಷಿಯನ್ ಸೂಚಿಸಿದಳು. ನೆರಳು ಚೆನ್ನಾಗಿದೆ ಎಂಬುದು ಕಾರಣ. ಗಂಡ ಅಲ್ಲೇ ಕೆಲಸ ಮಾಡುತ್ತಾನೆ ಎಂಬುದು ಕಾರಣವಲ್ಲ ಎಂದೂ ಹೇಳಿದಳು, ನಾನು ಕೇಳದೆಯೇ.

ಆ ದಿನ ಅದ್ಭುತವೇ ನಡೆಯಿತು. ಐದು ಜನರ ಸ್ಕ್ಯಾನ್ ಆಯಿತು, ಐದೂ ಸಲೀಸಾಗಿ. ಚೀಟಿಗಳ ಫೋಟೋ ತರಿಸಿಕೊಂಡು ನೋಡಿದ ಡಾಕ್ಟರು ಫೋನ್ ಮಾಡಿ ಐದಕ್ಕೈದೂ ಕೂಡಿವೆ, ಒಂದು ಚಿತ್ರದ ವ್ಯತ್ಯಾಸವೂ ಇಲ್ಲ ಎಂದರು. ಟೆಕ್ನಿಷಿಯನ್ ಚಾಲಕನನ್ನು ಚಹಾಕ್ಕೆ ಕಳಿಸಿದಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಐದು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರವಿದ್ದರೆ ಐದು ಜನರನ್ನೂ ಕರೆದು ವಿಚಾರಿಸುವ ಶಾಲೆಯಲ್ಲಿ ಓದಿದವಳು ನಾನು. ಪಟ್ಟಿಯನ್ನು ತೆಗೆದು ನೋಡಿದೆ. ಎಂಬತ್ತರ ಅಜ್ಜ, ಐವತ್ತೊಂದರ ಹೆಂಗಸು, ಬೀಡಿ ಸೇದುವವ, ಸೇದದವ, ಐವರಿಗೂ ನಿಮಿಷಕ್ಕೆ ಎಪ್ಪತ್ತೆರಡೇ ಬಡಿತ.

ಗೋಡೆಯಾಚೆ ಕಲ್ಲಿನ ಹಾಸುಗಳನ್ನು ಹಿಂದೆ ಮುಂದೆ ದೂಡುವ ದೊಡ್ಡ ಯಂತ್ರವೊಂದು ಧಡಲ್, ಧಡಲ್ ಎನ್ನುತ್ತಿತ್ತು; ಪ್ರತಿ ಧಡಲ್‌ಗೂ ನಮ್ಮ ಮಂಚ ಅದುರುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ. ಎಪ್ಪತ್ತೆರಡು.

ಬಿಸಿನೀರಿನ ರಬ್ಬರ್ ಚೀಲಕ್ಕೆ ನೀರು ತುಂಬಿ ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿದೆ. ಟೆಕ್ನಿಷಿಯನ್ ಅದಕ್ಕೆ ಜೆಲ್ ಬಳಿದು ಸ್ಕ್ಯಾನ್ ಮಾಡಿದಳು. ಚೀಲ ಧಡಲ್ ಎಂದಾಗ ಹಿಗ್ಗಿತು, ಕುಗ್ಗಿತು. ಯಂತ್ರ ಅದು ಪೂರ್ತಿ ತುಂಬಿದ ಗಳಿಗೆಯನ್ನೂ ಪೂರ್ತಿ ಹಿಂಡಿಕೊಂಡ ಗಳಿಗೆಯನ್ನೂ ಹಿಡಿದು, ಹೃದಯದ ಬಲ ಸಹಜವಾಗಿದೆ ಎಂದು ವರದಿ ಬರೆಯಿತು. ಯಂತ್ರವನ್ನು ನಿಂದಿಸಲು ನನಗೆ ಬಾಯಿರಲಿಲ್ಲ. ಅದೇ ತಾಳಕ್ಕೆ ಐದು ಸಲ ನಾನೂ ರುಜು ಹಾಕಿದ್ದೆ.

ಗಾಡಿಯನ್ನು ದೂರ ಒಯ್ದು ಐವರನ್ನೂ ಮತ್ತೆ ಕರೆದೆವು. ಈ ಸಲ ಎರಡು ಕೂಡಲಿಲ್ಲ. ಕೆಮ್ಮಿನ ದಿನಗಳ ಎರಡನ್ನು ಸೇರಿಸಿದರೆ ಹತ್ತೂ ಮುಗಿದವು. ಇನ್ನು ಒಂದು ತಪ್ಪಿದರೂ ಗಾಡಿ ಹೋಗಬೇಕು. ಟೆಕ್ನಿಷಿಯನ್ ಗಾಡಿಯ ಗೋಡೆಗೆ ಮುಖ ಮಾಡಿ ನಿಂತಳು.

ವಿಷಯ ಕೇಳಿ ಅವಳ ಗಂಡ ಕೈಯ ಕಲ್ಲಿನ ಪುಡಿ ಒರೆಸಿಕೊಳ್ಳುತ್ತ ಬಂದ. ಹೆಂಡತಿಗೆ ಸಮಾಧಾನ ಹೇಳುವವನೆಂದು ನಾನು ದಾರಿ ಬಿಟ್ಟೆ. ಅವನು ನನ್ನ ಮುಂದೆಯೇ ನಿಂತ.

"ಮೇಡಂ, ಆ ಐದು ರಿಪೋರ್ಟಿನಾಗ ಒಂದು ನನಗ ಕೊಡ್ರಿ. ಮಾಲಕ ನಮ್ಮ ಮಷೀನು ಮುದಿ ಆಗ್ಯಾದ, ಮಾರತೀನಿ ಅಂತಾನ. ಅದರ ಎದಿ ನಾರ್ಮಲ್ ಅದ ಅಂತ ತೋರಸ್ತೀನಿ."

ಗೋಡೆಯ ಕಡೆಯಿಂದ ನಗು ಕೇಳಿಸಿತು. ನಾನು ವರದಿ ಕೊಡಲಿಲ್ಲ. ಕೊಟ್ಟಿದ್ದರೂ ಸುಳ್ಳಾಗುತ್ತಿರಲಿಲ್ಲ.

ಕೊನೆಯ ಹೆಸರು

ಕೊನೆಯ ಶುಕ್ರವಾರ, ತಾಂಡೂರು. ಅದುವರೆಗಿನ ಎಲ್ಲ ಸ್ಕ್ಯಾನುಗಳೂ ಕೂಡಿದ್ದವು. ಸಂಖ್ಯೆ ಪೂರ್ತಿಯಾಗಲು ಒಂದೇ ಬಾಕಿ. ಅದೊಂದು ಕೂಡಿದರೆ ಗಾಡಿ ಇಲ್ಲಿ, ಕೂಡದಿದ್ದರೆ ಹೈದರಾಬಾದಿನಲ್ಲಿ. ಮುಕ್ತಾಯಕ್ಕೆಂದು ಡಾಕ್ಟರು ತಾವೇ ಬಂದಿದ್ದರು. ಟೆಕ್ನಿಷಿಯನ್ ಗಂಡ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಬಳಿ ನಿಂತಿದ್ದ.

ಕೊನೆಯ ರೋಗಿ ಯಾಲಾಲಿನ ಕಡೆಯ ರೈತರೊಬ್ಬರು. ಮೋಟಾರ್ ಸೈಕಲಿನಲ್ಲಿ ಬಂದರು, ಇಳಿದರು, ಒಳಗೆ ಇಣುಕಿದರು. "ಅವರ್ಯಾರು ಕೋಟು ಹಾಕ್ಕೊಂಡವರು?" ಎಂದು ಚಾಲಕನನ್ನು ಕೇಳಿದರು.

"ಹೈದರಾಬಾದಿನ ದೊಡ್ಡ ಡಾಕ್ಟರು. ನಿಮ್ಮ ಸ್ಕ್ಯಾನ್ ನೋಡಾಕೇ ಬಂದಾರ."

ಚಾಲಕ ಅದನ್ನು ಗೌರವದ ಮಾತೆಂದು ಹೇಳಿದ್ದ. ರೈತರ ಮುಖ ಬಿಳಿಚಿತು. "ನನ್ನೊಬ್ಬನ ಸಲುವಾಗಿ ಅಷ್ಟು ದೂರದಿಂದ ಬಂದಾರಂದ್ರ ನನ್ನ ಬ್ಯಾನಿ ಸಣ್ಣದಿರಂಗಿಲ್ಲ. ಮನ್ಯಾಗ ಹೇಳಿ ಬರ್ತೀನಿ," ಎಂದು ಮೋಟಾರ್ ಸೈಕಲ್ ಹತ್ತಿ ಹೋದರು. ಒಂದು ಗಂಟೆ ಕಾದೆವು. ಬರಲಿಲ್ಲ.

ಚಾಲಕನಿಗೆ ಮೂವತ್ತೆಂಟು, ಟೆಕ್ನಿಷಿಯನ್‌ಗೆ, ಅವಳ ಗಂಡನಿಗೆ ಅಷ್ಟೂ ಇಲ್ಲ. ಸಂಜೆಯಾಗಿತ್ತು, ಬೇರೆಯವರನ್ನು ಕರೆತರಲು ಹೊತ್ತಿರಲಿಲ್ಲ. ಐವತ್ತು ದಾಟಿದವರು ಅಲ್ಲಿ ಇಬ್ಬರೇ: ಡಾಕ್ಟರು ಮತ್ತು ನಾನು. "ಮೇಡಂ, ನೀವೇ ಮಲಗಿ," ಎಂದರು ಡಾಕ್ಟರು. "ಗಳಿಗೆಯನ್ನು ನಾನು ಗುರುತಿಸುತ್ತೇನೆ."

"ನಾನು ಪರೀಕ್ಷೆಯ ಸಿಬ್ಬಂದಿ."

"ವಯಸ್ಸು ಐವತ್ತು ದಾಟಿರಬೇಕು ಎಂದಷ್ಟೇ ನಿಯಮ. ಸಿಡುಕಿಯಾಗಿರಬಾರದು ಎಂದಿಲ್ಲ."

ಮೂವತ್ತೆಂಟು ವರ್ಷದಲ್ಲಿ ನಾನು ಆ ಮಂಚದ ಮೇಲೆ ಮಲಗಿರಲಿಲ್ಲ. ಜೆಲ್ ನಾನು ಜನರಿಗೆ ಹೇಳುತ್ತಿದ್ದುದಕ್ಕಿಂತ ಹೆಚ್ಚು ತಣ್ಣಗಿರುತ್ತದೆ. ಗಂಡಸರು ಅಡ್ಡ ಕಟ್ಟಿದ ಬಟ್ಟೆಯ ಆಚೆ ನಿಂತರು. ಟೆಕ್ನಿಷಿಯನ್ ನನಗೆ ಹೊದಿಕೆ ಹೊದಿಸಿ, ಒಂದು ಕೈ ಒಳಗಿಟ್ಟು ಸ್ಕ್ಯಾನ್ ಶುರುಮಾಡಿದಳು. ಚಿತ್ರ ಪರದೆಯ ಅಂಚಿಗೆ ಜಾರಿತು. ನೆಟ್ಟಗೆ ಹಿಡಿ ಎಂದೆ. ಹಿಡಿದಳು. ಯಂತ್ರ ತನ್ನ ಅಂಕಿಯನ್ನು ಒಳಗೆ ಬರೆದುಕೊಂಡಿತು. ಡಾಕ್ಟರು ತಮ್ಮ ಮುಂದಿನ ಪರದೆಯಲ್ಲಿ ನೋಡಿ, ಚೀಟಿಯಲ್ಲಿ ಬರೆದು, ಎರಡನ್ನೂ ಒಟ್ಟಿಗೆ ತೆರೆದರು.

ಯಂತ್ರದ್ದು ಹದಿಮೂರು. ಡಾಕ್ಟರದು ಒಂಬತ್ತು.

ಟೆಕ್ನಿಷಿಯನ್ ಕೈ ನನ್ನ ಎದೆಯ ಮೇಲೆಯೇ ಇತ್ತು, ತೆಗೆಯುವುದನ್ನು ಮರೆತಿದ್ದಳು. ಬಾಗಿಲಲ್ಲಿ ಅವಳ ಗಂಡ ಚಪ್ಪಲಿ ಮೆಟ್ಟಿಕೊಳ್ಳುವ ಸದ್ದಾಯಿತು.

"ಡಾಕ್ಟರೇ," ಎಂದೆ ನಾನು ಮಲಗಿದಲ್ಲಿಂದಲೇ. "ತಪ್ಪಿರುವುದು ಯಂತ್ರವಲ್ಲ. ನೀವು."

"ಮೇಡಂ, ಈಗ ನೀವು ರೋಗಿ. ರೋಗಿಗಳು ಉತ್ತರ ಹೇಳುವಂತಿಲ್ಲ."

"ರೋಗಿಗೂ ಕಣ್ಣಿರುತ್ತದೆ. ಈ ಕಡೆಯ ಪರದೆ ನನಗೂ ಕಾಣುತ್ತಿದೆ. ಒಂಬತ್ತನೆಯ ಚಿತ್ರವನ್ನು ನಿಲ್ಲಿಸಿ. ಕವಾಟ ತೆರೆದಿದೆಯೋ ಮುಚ್ಚಿದೆಯೋ?"

ಡಾಕ್ಟರು ಚಿತ್ರವನ್ನು ನಿಲ್ಲಿಸಿದರು. "ತೆರೆದಿದೆ," ಎಂದರು.

"ಬಾಗಿಲು ತೆರೆದು ಜನ ಇನ್ನೂ ಒಳಗೆ ಬರುತ್ತಿರುವಾಗ ಮನೆ ತುಂಬಿತು ಎಂದು ಹೇಗೆ ಹೇಳುತ್ತೀರಿ? ಒಂದೊಂದೇ ಮುಂದೆ ಸರಿಸಿ. ಬಾಗಿಲು ಮುಚ್ಚುವುದು ಯಾವಾಗ?"

ಹತ್ತು. ಹನ್ನೊಂದು. ಹನ್ನೆರಡು. ಗುಂಡಿ ಒತ್ತುವ ಸದ್ದು ಪ್ರತಿ ಸಲವೂ ಕೇಳಿಸಿತು.

"ಹದಿಮೂರು," ಎಂದರು ಡಾಕ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಮೊದಲಿನಿಂದ ನೋಡಿದರು. ಮೂರನೆಯ ಸಲವೂ ನೋಡಿದರು.

"ಕೈಯಿಂದ ಗುರುತಿಸದೆ ಎಷ್ಟು ದಿನವಾಯಿತು?" ಎಂದು ಕೇಳಿದೆ.

"ನಮ್ಮ ಆಸ್ಪತ್ರೆಗೆ ಇದೇ ಯಂತ್ರ ಬಂದ ಮೇಲೆ ಗುರುತಿಸಿಲ್ಲ," ಎಂದರು. ಪ್ರಾಮಾಣಿಕರು. ಒಂಬತ್ತನ್ನು ಹೊಡೆದುಹಾಕಿ ಹದಿಮೂರು ಎಂದು ಬರೆದು, ತಿದ್ದಿದ್ದಕ್ಕೆ ಕಾರಣವನ್ನೂ ಬರೆದು ರುಜು ಹಾಕಿದರು. "ಕೂಡಿತು. ಗಾಡಿ ಇಲ್ಲೇ ಇರುತ್ತದೆ. ನಿಮ್ಮ ಚೀಟಿಯ ಕೆಲಸ ಇವತ್ತಿಗೆ ಮುಗಿಯಿತು, ಮೇಡಂ."

ಹೊರಗೆ ಟೆಕ್ನಿಷಿಯನ್ ಗಂಡನಿಗೆ ಕೇಳಿಸಿತೆಂದು ತೋರುತ್ತದೆ, ಚಾಲಕನನ್ನು ಎತ್ತಿಕೊಂಡನಂತೆ. ಚಾಲಕ ಒಪ್ಪಿಗೆ ಕೊಟ್ಟಿರಲಿಲ್ಲ.

"ಆದರೆ ಒಂದು ವಿಷಯ ಬರೆಯಲೇಬೇಕು," ಎಂದರು ಡಾಕ್ಟರು. "ಹೃದಯ ಇಷ್ಟು ಓಡದೆ ಇದ್ದಿದ್ದರೆ ನಾನೂ ತಪ್ಪುತ್ತಿರಲಿಲ್ಲ. ನಿಮಿಷಕ್ಕೆ ನೂರ ಹದಿನೆಂಟು. ಗಾಡಿ ನಿಂತರೂ ಹೋದರೂ ಒಂದೇ ಎಂದು ಬರೆದುಕೊಟ್ಟವರ ಎದೆ ಇದು. ಕಾರಣ ಏನೆಂದು ನಮೂದಿಸಲಿ?"

"ವಯಸ್ಸು," ಎಂದೆ.

ಟೆಕ್ನಿಷಿಯನ್ ಕೆನ್ನೆ ಒರೆಸಿಕೊಳ್ಳುತ್ತ ನನ್ನ ಮುಖವನ್ನೂ ಪರದೆಯನ್ನೂ ಒಂದಾದ ಮೇಲೆ ಒಂದು ನೋಡಿದಳು. "ಮೇಡಂ, ನಿಮ್ಮ ಮಾರಿ ನೋಡಿದ್ರ ಪರೀಕ್ಷಾ ಹಾಲ್ ಇದ್ದಂಗ ಅದ," ಎಂದಳು. "ಎದಿ ನೋಡಿದ್ರ ಮದುವಿ ಮನ್ಯಾಗ ಹಲಗಿ ಬಾರಸ್ಲಕತ್ತಂಗ ಅದ."

ನಾನು ನಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಸ್ಕ್ಯಾನ್ ಇನ್ನೂ ಚಾಲೂ ಇತ್ತು, ಕುಲುಕಿದ್ದೆಲ್ಲ ದಾಖಲಾಗಿದೆ.

ಉಪಸ್ಥಿತರಿದ್ದವರು: ಡಾಕ್ಟರ್ ಪ್ರಭಾಕರ, ಟೆಕ್ನಿಷಿಯನ್ ಸುಗುಣಾ, ಅವಳ ಗಂಡ ಮಲ್ಲಪ್ಪ, ಚಾಲಕ ನರ್ಸಪ್ಪ, ಮತ್ತು ಮಂಚದ ಮೇಲೆ ನಾನು, ವಿಮಲಾ.